ಒಳಗಿನ ಬ್ರೋಕರ್, ಹೊರಗಿನ ಕ್ಲೈಂಟ್

ಪ್ರಶ್ನೆ: ನಮ್ಮ ಜಾವಾ ಅಪ್ಲಿಕೇಶನ್ನಿನ ಒಳಗೇ ಆಕ್ಟಿವ್‌ಎಂಕ್ಯೂ ಬ್ರೋಕರ್ (ಸಂದೇಶಗಳನ್ನು ಪಡೆದು ಬೇಕಾದವರಿಗೆ ತಲುಪಿಸುವ ಮಧ್ಯವರ್ತಿ ತಂತ್ರಾಂಶ) ಓಡುತ್ತಿದೆ. ಅಲ್ಲಿಂದ ಕಳುಹಿಸಿದ ಸಂದೇಶಗಳು ಇನ್ನೊಂದು ಯಂತ್ರದ ಕ್ಲೈಂಟ್‌ಗೆ ತಲುಪುತ್ತಿಲ್ಲ, ದೋಷದ ಸೂಚನೆಯೂ ಬರುತ್ತಿಲ್ಲ. ಎರಡೂ ಕಡೆ ವಿಎಂ ವಿಳಾಸವನ್ನೇ (vm:// ಎಂದು ಶುರುವಾಗುವುದನ್ನು) ಕೊಟ್ಟಿದ್ದೇವೆ. ತಪ್ಪೆಲ್ಲಿದೆ?

ಉತ್ತರ: ದೋಷ ಕಾಣಿಸದಿರುವುದೇ ಇಲ್ಲಿನ ಸುಳಿವು. ವಿಎಂ ಸಂಪರ್ಕವು ಒಂದೇ ಜಾವಾ ವರ್ಚುವಲ್ ಮಷೀನ್‌ನ (ಜಾವಾ ಪ್ರೋಗ್ರಾಮನ್ನು ಓಡಿಸುವ ಪರಿಸರದ) ಒಳಗೆ ಮಾತ್ರ ನಡೆಯುವಂಥದ್ದು. ನೆಟ್‌ವರ್ಕನ್ನು ಅದು ಮುಟ್ಟುವುದೇ ಇಲ್ಲ. ಆ ಹೆಸರಿನ ಬ್ರೋಕರ್ ಅಲ್ಲಿ ಸಿಗದಿದ್ದಾಗ, ಬ್ರೋಕರ್‌ನ ಲೈಬ್ರರಿಯೂ ಜೊತೆಗಿದ್ದರೆ, ತಕರಾರು ಮಾಡದೆ ಹೊಸದೊಂದನ್ನು ತಾನೇ ಆರಂಭಿಸುತ್ತದೆ. ಹೀಗಾಗಿ ನಿಮ್ಮ ದೂರದ ಕ್ಲೈಂಟ್ ತನ್ನದೇ ಖಾಲಿ ಬ್ರೋಕರ್‌ನ ಮುಂದೆ ಕಾದು ಕುಳಿತಿರುವ ಸಾಧ್ಯತೆಯೇ ಹೆಚ್ಚು. ಅನುಕೂಲಕ್ಕೆಂದು ಮಾಡಿದ ಈ ಏರ್ಪಾಡು, ನನ್ನ ದೃಷ್ಟಿಯಲ್ಲಿ, ಉಪಕಾರಕ್ಕಿಂತ ಗೊಂದಲವನ್ನೇ ಹೆಚ್ಚು ತರುತ್ತದೆ.

ಒಳಗಿನ ಸಂಪರ್ಕಕ್ಕೆ ವಿಎಂ ವಿಳಾಸವೇ ಇರಲಿ. ಆದರೆ ಅದರಲ್ಲಿ ಬ್ರೋಕರ್‌ನ ಹೆಸರು ಅಕ್ಷರವೂ ತಪ್ಪದಂತಿರಬೇಕು. ‘ಕ್ರಿಯೇಟ್’ ಆಯ್ಕೆಗೆ ‘ಫಾಲ್ಸ್’ ಎಂದು ಕೊಟ್ಟರೆ ಹೆಸರು ತಪ್ಪಿದಾಗ ದೋಷ ಕೂಡಲೇ ಬಯಲಾಗುತ್ತದೆ. ಬ್ರೋಕರ್ ಏಳುವುದು ತಡವಾಗುವುದಾದರೆ ‘ವೇಟ್‌ಫಾರ್‌ಸ್ಟಾರ್ಟ್’ ಆಯ್ಕೆಯಲ್ಲಿ ಕಾಯುವ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ಕೊಡಿ.

ಹೊರಗಿನವರಿಗೆ ಬ್ರೋಕರ್‌ನಲ್ಲಿ ಟಿಸಿಪಿ ಕನೆಕ್ಟರ್ (ನೆಟ್‌ವರ್ಕಿನ ಮೂಲಕ ಒಳಬರುವ ದಾರಿ) ಸೇರಿಸಬೇಕು. ರೂಢಿಯ ಪೋರ್ಟ್ 61616. ಕನೆಕ್ಟರ್‌ಗೆ 0.0.0.0 ಎಂದು ಬರೆದರೆ ಯಂತ್ರದ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳಲ್ಲೂ ಕೇಳಿಸಿಕೊಳ್ಳುತ್ತದೆ. ಕ್ಲೈಂಟ್‌ನಲ್ಲಿ ಮಾತ್ರ ಬ್ರೋಕರ್ ಇರುವ ಯಂತ್ರದ ನಿಜವಾದ ಹೆಸರೋ ಐಪಿ ವಿಳಾಸವೋ ಬೇಕು. ಅಪ್ಲಿಕೇಶನ್ ಮರುಪ್ರಾರಂಭವಾದಾಗಲೆಲ್ಲ ಬ್ರೋಕರ್ ಕೂಡ ನಿಲ್ಲುವುದರಿಂದ, ಆ ವಿಳಾಸವನ್ನು ಫೇಲೋವರ್‌ನೊಳಗೆ (ಸಂಪರ್ಕ ಕಡಿದಾಗ ತಾನೇ ಮತ್ತೆ ಜೋಡಿಸಿಕೊಳ್ಳುವ ಏರ್ಪಾಡು) ಸುತ್ತಿ, ‘ಟೈಮ್‌ಔಟ್’ ಆಯ್ಕೆಯನ್ನೂ ಕೊಡಿ. ಅದಿಲ್ಲದಿದ್ದರೆ ಸಂಪರ್ಕ ಮರಳುವವರೆಗೂ ಸಂದೇಶ ಕಳುಹಿಸುವ ಥ್ರೆಡ್ (ಪ್ರೋಗ್ರಾಮಿನೊಳಗಿನ ಕೆಲಸದ ಎಳೆ) ನಿಂತಲ್ಲೇ ನಿಂತಿರುತ್ತದೆ.