ಅಮ್ಮನೇ ಉತ್ತರ ಹೇಳಿಬಿಟ್ಟರೆ?

ಗಂಭೀರ ಕಾಯಿಲೆಯ ಮಕ್ಕಳ ಆಸೆ ಈಡೇರಿಸೋ ಮೇಕ್ ಎ ವಿಶ್ ಇಂಡಿಯಾ ಸಂಸ್ಥೆಯ ಸ್ವಯಂಸೇವಕರಾಗಿ ಹೋಗಿ ಮಗುವಿನ ಆಸೆ ಕೇಳಿದರೆ ಅಮ್ಮನೇ ಉತ್ತರ ಹೇಳ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ನನ್ನ ಮೊದಲ ಭೇಟಿಯಲ್ಲೂ ಹಾಗೇ ಆಯ್ತು. ‘ಲ್ಯಾಪ್‌ಟಾಪ್ ಕೊಡಿಸಿ, ಓದೋಕಾಗುತ್ತೆ’ ಅಂದರು ತಾಯಿ. ಹುಡುಗ ಡ್ರಿಪ್ ಹಾಕಿದ ಕೈ ನೋಡ್ತಾ ಸುಮ್ನೆ ಕೂತಿದ್ದ.

ಇಬ್ಬರು ಹೋಗೋದು ಇದಕ್ಕೇ. ಒಬ್ಬರು ಅಲ್ಲೇ ಕಣ್ಣಳತೆಯಲ್ಲಿ ಅಮ್ಮನನ್ನು ಮಾತಿಗೆಳೆಯಲಿ. ಪಾಪ, ಅವರಿಗೂ ಹೇಳಿಕೊಳ್ಳೋದು ಜಾಸ್ತಿ ಇರುತ್ತೆ. ಇನ್ನೊಬ್ಬರು ಮಗುವಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಸುಮ್ನೆ ಕಾಯಲಿ. ಆ ಹುಡುಗ ರೈಲು ಇಂಜಿನ್ ಬರೆದ. ಒಳಗೆ ಕೂತು ಹಾರ್ನ್ ಹೊಡೀಬೇಕಂತೆ!

ಸಂಸ್ಥೆ 3ರಿಂದ 18 ವರ್ಷದವರ ಆಸೆ ಈಡೇರಿಸುತ್ತೆ. ಯಾವುದಕ್ಕೂ ಡಾಕ್ಟರ್ ಒಪ್ಪಿಗೆ ಬೇಕು. ಅದಕ್ಕೆ ಅಲ್ಲೇ ಮಾತು ಕೊಡಬೇಡಿ. ನಿಮಗೆ ನೆಗಡಿ ಇದ್ದರೆ ಅವತ್ತು ಹೋಗಲೇಬೇಡಿ, ಕೀಮೋ ಆಗ್ತಿರೋ ಮಕ್ಕಳಿಗೆ ಅದೇ ದೊಡ್ಡ ಅಪಾಯ.