ಹೊಸ ಮಚ್ಚೆ ಕಂಡು ನಿದ್ದೆ ಕೆಟ್ಟಿದ್ದರೆ

28ನೇ ವಯಸ್ಸಿಗೆ ಬೆನ್ನಲ್ಲಿ ಹೊಸ ಮಚ್ಚೆ ಬಂದಿದೆ, ದಿನವಿಡೀ ಕನ್ನಡಿ ನೋಡುತ್ತೇನೆ, ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಈ ವಯಸ್ಸಲ್ಲಿ ಹೊಸ ಮಚ್ಚೆ ಬರೋದು ಮಾಮೂಲು. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ನಮ್ಮವರಲ್ಲಿ ಅಪರೂಪ. ಬಂದರೂ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಗಾಯಕ ಬಾಬ್ ಮಾರ್ಲಿಗೆ ಬಂದಿದ್ದು ಕಾಲ್ಬೆರಳಿನ ಉಗುರಿನಡಿ. ಬೆನ್ನನ್ನೇ ನೋಡುತ್ತಾ ಪಾದ ಮರೀಬೇಡಿ.

ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ. ಡರ್ಮಟೋಸ್ಕೋಪ್ ಅನ್ನೋ ಭೂತಗನ್ನಡಿಯಂಥ ಉಪಕರಣ ಇಟ್ಟು ನೋಡುತ್ತಾರೆ, ನೋವೇನಿಲ್ಲ. ಪರವಾಗಿಲ್ಲ ಅಂದರೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಒಂದು ಫೋಟೋ ತೆಗೆಸಿಡಿ. ಆಮೇಲೆ ತಿಂಗಳಿಗೊಂದು ಸಲ ಮಾತ್ರ. ದಿನಾ ನೋಡಿದರೆ ಬದಲಾವಣೆ ಗೊತ್ತೂ ಆಗಲ್ಲ, ಭಯ ಮಾತ್ರ ಜಾಸ್ತಿ. ಮುಟ್ಟಿ ಮುಟ್ಟಿ ಕೆಂಪು ಮಾಡಿಕೊಂಡು ಅದಕ್ಕೂ ಹೆದರುತ್ತೀವಿ, ಅಲ್ವಾ? ಯಾರೋ ಹೇಳಿದರು ಅಂತ ಸುಣ್ಣ ಹಚ್ಚೋದು ಮಾತ್ರ ಬೇಡವೇ ಬೇಡ.

ಅಂಚು ಅಂಕುಡೊಂಕಾದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಂಡರೆ, 6 ಮಿ.ಮೀ. ದಾಟಿ ಬೆಳೆಯುತ್ತಿದ್ದರೆ, ಸುಮ್ನೆ ರಕ್ತ ಬಂದರೆ ತಿಂಗಳು ಕಾಯಬೇಡಿ, ತಕ್ಷಣ ಹೋಗಿ.

ಡಾಕ್ಟರ್ ಏನೂ ಇಲ್ಲ ಅಂದ ಮೇಲೂ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ. ಕನ್ನಡದಲ್ಲೇ ಮಾತಾಡಬಹುದು.