ಕೇಳುವವರಿದ್ದರೆ ಜನ ಬರುತ್ತಾರೆ

ರಾಣೆಬೆನ್ನೂರು ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರ ಪತ್ರ: ‘ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆ ಎಲ್ಲ ಪುಕ್ಕಟೆ. ಆದರೂ ಜನ ಹೋಗುವುದಿಲ್ಲ. ತಿಳಿವಳಿಕೆಯೇ ಇಲ್ಲ. ವರ್ಷಕ್ಕೆರಡು ದೊಡ್ಡ ಶಿಬಿರ ಮಾಡಬೇಕು. ತಪಾಸಣೆ ಮಾಡಿಸದವರ ರೇಷನ್ ನಿಲ್ಲಿಸಬೇಕು. ನೀವೇನಂತೀರಿ?’

ಸಂಪಾದಕರ ಉತ್ತರ:

ಮಾಸ್ತರರೇ, ಊರ ದವಾಖಾನೆ ಖಾಲಿ ಇದೆ ಅಂತ ಕೊರಗಿ ಪತ್ರ ಬರೆಯುವವರು ಕಡಿಮೆ. ಅದಕ್ಕೇ ನಿಮ್ಮ ಪತ್ರ ಮೊದಲು ಎತ್ತಿಕೊಂಡೆ. ಶಿಬಿರದಿಂದ ಉಪಯೋಗವಿಲ್ಲ ಅನ್ನಲಾರೆ. ದವಾಖಾನೆ ಮೆಟ್ಟಿಲು ಹತ್ತದ ಗಂಡಸರು ಕೆಲವರು ಶಿಬಿರಕ್ಕಾದರೂ ಬರುತ್ತಾರೆ. ಆದರೆ ರೇಷನ್ ಮಾತು ದಯವಿಟ್ಟು ಬಿಡಿ. ಹೆದರಿಸಿ ಕರೆತಂದವರು ಒಂದು ಸಲ ಬರುತ್ತಾರೆ, ಎರಡನೇ ಸಲ ಬರುವುದಿಲ್ಲ. ತಪಾಸಣೆಯ ಜೀವ ಇರುವುದು ಆ ಎರಡನೇ ಸಲದಲ್ಲೇ.

ನಮ್ಮ ಸಂಬಂಧಿಕರೊಬ್ಬರು ಗದಗ ಜಿಲ್ಲೆಯ ಹಳ್ಳಿಯವರು. ಒಂದು ಶಿಬಿರದಲ್ಲಿ ಅವರ ಬಿಪಿ ನೋಡಿ, ‘ಜಾಸ್ತಿ ಇದೆ, ದವಾಖಾನೆಗೆ ಹೋಗ್ರಿ’ ಅಂತ ಚೀಟಿ ಕೊಟ್ಟರು. ಚೀಟಿ ದೇವರ ಫೋಟೋ ಹಿಂದೆ ಸೇರಿತು. ಆಮೇಲೆ ಒಬ್ಬರೂ ಅವರನ್ನು ವಿಚಾರಿಸಲಿಲ್ಲ. ಲಕ್ವಾ ಹೊಡೆದ ಮೇಲೆ ಹುಬ್ಬಳ್ಳಿಗೆ ತಂದಾಗ ಮಗ ಆ ಚೀಟಿ ಹುಡುಕಿ ತಂದ. ಶಿಬಿರದ ಲೆಕ್ಕದಲ್ಲಿ ಅವರು ತಪಾಸಣೆ ಆದವರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

‘ತಿಳಿವಳಿಕೆ ಇಲ್ಲ’ ಅಂದಿರಿ. ಬಿಪಿಗೆ ನೋವಿಲ್ಲ, ಶುಗರ್‌ಗೂ ಶುರುವಿನಲ್ಲಿ ನೋವಿಲ್ಲ. ನಿಮ್ಮ ಸುತ್ತಲಿನ ಬೀಜೋತ್ಪಾದನೆ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಹೂವಿಗೆ ಕೈಯಿಂದ ಪರಾಗ ಹಚ್ಚಲು, ಹೋಗುವ ಹೆಣ್ಣುಮಕ್ಕಳನ್ನು ನೀವು ದಿನಾ ನೋಡುತ್ತೀರಿ ಅಲ್ವಾ? ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವವರೂ ಹೀಗೇ. ದವಾಖಾನೆಯಲ್ಲಿ ಡಾಕ್ಟರು ಸಿಗುವ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ. ಆರಾಮಿದ್ದಾಗ ಒಂದು ದಿನದ ಕೂಲಿ ಬಿಟ್ಟು ಬಾ ಅಂದರೆ ಹೇಗೆ ಬರುತ್ತಾರೆ? ಅದು ತಿಳಿವಳಿಕೆಯ ಕೊರತೆಯಲ್ಲ, ಮನೆ ನಡೆಸುವ ಲೆಕ್ಕ.

ಹಾಗಾದರೆ ಏನು ಮಾಡಬೇಕು? ಹೇಗೂ ಬಂದವರನ್ನು ಹಿಡಿಯಬೇಕು. ಕುಂದಗೋಳ ಕಡೆಯ ಒಂದು ದವಾಖಾನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅಲ್ಲಿನ ಸಿಸ್ಟರ್ ಬಿಪಿ ಮಿಷನ್ ಅನ್ನು ಚೀಟಿ ಮಾಡಿಸುವ ಟೇಬಲ್ ಮೇಲೇ ಇಟ್ಟಿದ್ದರು. ಕೆಮ್ಮಿಗೆ ಬಂದವರಿರಲಿ, ಮೊಮ್ಮಗನಿಗೆ ಲಸಿಕೆ ಹಾಕಿಸಲು ಬಂದ ಅಜ್ಜಿ ಇರಲಿ, 30 ದಾಟಿದ್ದರೆ ಮೊದಲು ತೋಳಿಗೆ ಪಟ್ಟಿ, ಆಮೇಲೆ ಡಾಕ್ಟರು. ಜಾಸ್ತಿ ಬಂದವರ ಹೆಸರು, ಫೋನ್ ನಂಬರ್ ಒಂದು ಪುಸ್ತಕದಲ್ಲಿ. ಹೇಳಿದ ದಿನ ಬರದಿದ್ದರೆ ಸಂಜೆ ಫೋನ್. ‘ಯಕ್ಕಾ, ಗುಳಿಗಿ ಮುಗಿದಿರಬೇಕಲ್ಲ, ಯಾಕ ಬರಲಿಲ್ಲ?’ ಅಷ್ಟೇ ಮಾತು. ಜನ ಬರುತ್ತಿದ್ದರು.

ದೊಡ್ಡ ಮಟ್ಟದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. 2017ರಲ್ಲಿ 5 ರಾಜ್ಯಗಳಲ್ಲಿ ಶುರುವಾದ ಬಿಪಿ ನಿಯಂತ್ರಣ ಯೋಜನೆಯಲ್ಲಿ ವಿಶೇಷ ಯಂತ್ರಗಳೇನೂ ಇರಲಿಲ್ಲ. ಎಲ್ಲರಿಗೂ ಒಂದೇ ಕ್ರಮದ ಚಿಕಿತ್ಸೆ, ತಿಂಗಳಿಗಾಗುವಷ್ಟು ಗುಳಿಗೆ ಊರ ಹತ್ತಿರವೇ, ಬಾರದವರನ್ನು ಹುಡುಕುವ ಲೆಕ್ಕ. ಕ್ಯಾನ್ಸರ್ ವಿಷಯದಲ್ಲೂ ನಮ್ಮ ದೇಶದ ಪುರಾವೆಯೇ ಇದೆ. ಮುಂಬೈನ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ತರಬೇತಿ ಕೊಟ್ಟ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಂದ, ಬರೀ ಅಸಿಟಿಕ್ ಆಮ್ಲ ಹಚ್ಚಿ ನೋಡುವ ವಿಧಾನದಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿದರು. ಆ ಕ್ಯಾನ್ಸರ್‌ನ ಸಾವು 31 ಶೇಕಡಾ ಇಳಿಯಿತು. ಕೇರಳದಲ್ಲಿ ಹೀಗೇ ಬಾಯಿ ನೋಡಿ ತಪಾಸಣೆ ಮಾಡಿದಾಗ ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಬಸ್ ಸ್ಟ್ಯಾಂಡಿನಿಂದ ಶಾಲೆ ಗೇಟಿನವರೆಗೆ ಗುಟ್ಕಾ ಚೀಟಿ ಬಿದ್ದಿರುವ ನಮ್ಮ ಕಡೆಗೆ ಇದಕ್ಕಿಂತ ಬೇಕಾದ ಕೆಲಸ ಇನ್ನೊಂದಿದೆಯಾ? ಒಂದು ಟಾರ್ಚು, ಬಾಯಿ ತೆರೆಯಿರಿ ಅನ್ನುವ ಒಬ್ಬರು ಸಾಕು.

ಇಷ್ಟೆಲ್ಲ ಗೊತ್ತಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರೊಳಗಿನ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆ ಒಮ್ಮೆಯಾದರೂ ಆದವರು ದೇಶದಲ್ಲಿ 1.9 ಶೇಕಡಾ. ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ಎಷ್ಟೋ ಕೇಂದ್ರಗಳಲ್ಲಿ ಆ ಪರೀಕ್ಷೆಯ ಕೋಣೆಗೆ ಸರಿಯಾದ ಚಿಲಕವಿಲ್ಲ, ಪರದೆಯಿಲ್ಲ. ಹೊರಗೆ ಬೆಂಚಿನ ಮೇಲೆ ಊರ ಗಂಡಸರು ಕೂತಿರುತ್ತಾರೆ. ಅಲ್ಲಿಗೆ ನಮ್ಮ ಅಕ್ಕತಂಗಿಯರು ಹೋಗಲಿಲ್ಲ ಅಂತ ಅವರನ್ನೇ ದೂರುವುದು ಅನ್ಯಾಯ.

ಇನ್ನು ಈ ಕೆಲಸ ಹೊತ್ತವರ ಕಥೆ. 30 ದಾಟಿದವರ ಮನೆಗೆ ಹೋಗಿ ತಂಬಾಕು, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಎಲ್ಲ ಕೇಳಿ ಫಾರ್ಮ್ ತುಂಬುವವರು ಆಶಾ ಕಾರ್ಯಕರ್ತೆಯರು. ಒಂದು ಫಾರ್ಮಿಗೆ ನಿಗದಿ ಮಾಡಿದ್ದು 10 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತು ಕೇಳಿದ್ದು ತಿಂಗಳಿಗೆ 15 ಸಾವಿರ. ಅದಕ್ಕೆ ಅವರು ಬೀದಿಗಿಳಿಯಬೇಕಾಯಿತು. ದೊಡ್ಡ ಆಸ್ಪತ್ರೆ ಕಟ್ಟಡದ ಅಡಿಗಲ್ಲಿಗೆ ನಮ್ಮಲ್ಲಿ ಪೈಪೋಟಿ ಇದೆ. ಉಪಕೇಂದ್ರಕ್ಕೆ ಶುಗರ್ ನೋಡುವ ಸ್ಟ್ರಿಪ್ ಬಂದಿಲ್ಲ ಅಂತ ಕೇಳುವ ಒಬ್ಬ ಮುಖಂಡನನ್ನು ತೋರಿಸಿ. ಗ್ರಾಮಸಭೆಯಲ್ಲಿ ಗಟಾರ, ಬೀದಿದೀಪದ ಮಾತು ಬರುತ್ತದೆ. ದವಾಖಾನೆಯ ಮಾತು ಎಷ್ಟು ಸಲ ಬಂದಿದೆ?

ಮಾಸ್ತರರೇ, ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ವಿಷಯ ಕೇಳಿ: ಬಿಪಿ, ಶುಗರ್ ಗುಳಿಗೆ ಈ ತಿಂಗಳು ಎಷ್ಟು ದಿನ ಇರಲಿಲ್ಲ, ತಪಾಸಣೆಯಲ್ಲಿ ತೊಂದರೆ ಕಂಡವರಲ್ಲಿ ಎಷ್ಟು ಜನ ಮತ್ತೆ ಬಂದರು, ಹೆಂಗಸರ ಕೋಣೆಗೆ ಚಿಲಕ ಯಾವಾಗ ಹಾಕಿಸುತ್ತೀರಿ. ಸಿಕ್ಕ ಉತ್ತರ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ. ಅದಕ್ಕೂ ಮೊದಲು ಮನೆಯವರನ್ನು ಕರೆದುಕೊಂಡು ದವಾಖಾನೆಗೆ ಹೋಗಿ ಬನ್ನಿ. ಪತ್ರದಲ್ಲಿ ಊರವರ ಬಗ್ಗೆ ಇಷ್ಟು ಬರೆದಿದ್ದೀರಿ, ನಿಮ್ಮಿಬ್ಬರ ಬಿಪಿ ಎಷ್ಟಿದೆ ಅಂತ ಬರೆದಿಲ್ಲ.